ಸರಕು ಬದಲಾಯಿತು, ಸ್ಪ್ರಿಂಕ್ಲರ್ ಬದಲಾಯಿತೆ?

ನೆಲಮಂಗಲ, ದಾಬಸ್‌ಪೇಟೆ, ಹೊಸಕೋಟೆ, ಮಾಲೂರು, ಬಿಡದಿ ಆಸುಪಾಸಿನ ಗೋದಾಮುಗಳ ಮಾಲೀಕರಿಗೆ, ಅವನ್ನು ಬಾಡಿಗೆಗೆ ಹಿಡಿದಿರುವ ಕಂಪನಿಗಳ ವ್ಯವಸ್ಥಾಪಕರಿಗೆ, ಒಳಗೆ ನಿಂತು ಸರಕು ಜೋಡಿಸುವ ಮೇಲ್ವಿಚಾರಕರಿಗೆ ಒಂದು ಬಹಿರಂಗ ಪತ್ರ



ನಿಮ್ಮ ಗೋದಾಮಿನ ಸೂರಿನಡಿ ಕೆಂಪು ಪೈಪು ಓಡಿದೆ, ಪೈಪಿನುದ್ದಕ್ಕೂ ಸ್ಪ್ರಿಂಕ್ಲರ್‌ಗಳಿವೆ. ಪಂಪ್‌ರೂಮಿನಲ್ಲಿ ಗೇಜಿನ ಮುಳ್ಳು ನಿಲ್ಲಬೇಕಾದಲ್ಲೇ ನಿಂತಿದೆ. ವಾರ್ಷಿಕ ನಿರ್ವಹಣೆಯ ಕರಾರು (ಎಎಂಸಿ) ಪಡೆದವರು ಮೂರು ತಿಂಗಳಿಗೊಮ್ಮೆ ಬಂದು ವಾಲ್ವ್ ತಿರುಗಿಸಿ, ಅಲಾರಂ ಬಾರಿಸಿ ನೋಡಿ, ವರದಿಗೆ ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಅಗ್ನಿಶಾಮಕ ಇಲಾಖೆಯ ಎನ್‌ಒಸಿ ಫೈಲಿನಲ್ಲಿ ಭದ್ರವಾಗಿದೆ. ಇಷ್ಟೆಲ್ಲ ಸರಿಯಿದ್ದೂ, ನಾಳೆ ಬೆಂಕಿ ಬಿದ್ದರೆ ಆ ಸ್ಪ್ರಿಂಕ್ಲರ್‌ಗಳಿಂದ ಅದನ್ನು ಹಿಡಿದು ನಿಲ್ಲಿಸಲು ಆಗದೇ ಹೋಗಬಹುದು. ಗೋದಾಮುಗಳ ಅಗ್ನಿ ರಕ್ಷಣೆಯೇ ನನ್ನ ವೃತ್ತಿ. ಆ ವೃತ್ತಿಯ ಒಳಗಿನವರಿಗೆ ಚೆನ್ನಾಗಿ ಗೊತ್ತಿರುವ, ಹೊರಗಿನವರಿಗೆ ಯಾರೂ ಬಿಡಿಸಿ ಹೇಳದ ಒಂದು ಸಂಗತಿಯನ್ನು ನಿಮ್ಮ ಮುಂದಿಡಲು ಈ ಪತ್ರ.

ಸ್ಪ್ರಿಂಕ್ಲರ್ ವ್ಯವಸ್ಥೆಯನ್ನು ಯಾರೂ ಬರಿಯ ಕಟ್ಟಡ ನೋಡಿ ಲೆಕ್ಕ ಹಾಕುವುದಿಲ್ಲ. ಒಳಗೆ ಬರುವುದು ಯಾವ ಸರಕು, ಅದನ್ನು ಯಾವುದರಲ್ಲಿ ತುಂಬಿ ಕಟ್ಟಿರುತ್ತಾರೆ, ಎಷ್ಟು ಎತ್ತರಕ್ಕೆ ಪೇರಿಸುತ್ತಾರೆ, ನೆಲದ ಮೇಲೋ ರ‍್ಯಾಕಿನಲ್ಲೋ, ಇವಿಷ್ಟನ್ನು ಇಟ್ಟುಕೊಂಡು ಲೆಕ್ಕ ಹಾಕುತ್ತಾರೆ. ಇವುಗಳಲ್ಲಿ ಒಂದು ಬದಲಾದರೂ ಹಳೆಯ ಲೆಕ್ಕ ಕೆಟ್ಟಿತು. ನಮ್ಮ ಭಾಗದ ಎಷ್ಟೋ ಹಳೆಯ ಗೋದಾಮುಗಳಲ್ಲಿ ನಾಲ್ಕೂ ಬದಲಾಗಿವೆ. ಲೆಕ್ಕದ ಕಾಗದವನ್ನು ಮಾತ್ರ ಯಾರೂ ಮತ್ತೆ ತೆಗೆದಿಲ್ಲ.

ಇದು ಹೇಗಾಯಿತೆಂದು ನಿಮಗೇ ಗೊತ್ತು. ತುಮಕೂರು ರಸ್ತೆ, ಹಳೆ ಮದ್ರಾಸ್ ರಸ್ತೆಯ ಬದಿಯಲ್ಲಿ ಮೊದಲು ಎದ್ದ ಶೆಡ್‌ಗಳಿಗೆ ಬರುತ್ತಿದ್ದುದು ಟೈಲ್ಸ್, ಯಂತ್ರದ ಬಿಡಿಭಾಗ, ಬಿಸ್ಕತ್ತು, ಸೋಪಿನಂಥ ಸರಕು. ಆಳೆತ್ತರಕ್ಕಿಂತ ಸ್ವಲ್ಪ ಮೇಲಕ್ಕೆ ಚೀಲವನ್ನೋ ರಟ್ಟಿನ ಪೆಟ್ಟಿಗೆಯನ್ನೋ ಪೇರಿಸಿದರೆ ಮುಗಿಯಿತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ತೆರಿಗೆ ಉಳಿಸಲೆಂದೇ ರಾಜ್ಯಕ್ಕೊಂದು ಡಿಪೋ ಇಟ್ಟುಕೊಂಡಿದ್ದ ಕಂಪನಿಗಳು ಚಿಕ್ಕವನ್ನೆಲ್ಲ ಮುಚ್ಚಿ ದೊಡ್ಡದೊಂದಕ್ಕೆ ಸರಕು ತಂದು ಸುರಿದವು. ಆನ್‌ಲೈನ್ ವ್ಯಾಪಾರ ಅದರ ಬೆನ್ನಿಗೇ ಬೆಳೆಯಿತು. ಚದರಡಿ ಬಾಡಿಗೆ ಏರಿದಷ್ಟೂ ಸರಕು ಮೇಲಕ್ಕೆ ಹೋಯಿತು. ಅದೇ ಸೂರಿನಡಿ ಈಗ ಐದು ಹಂತದ ರ‍್ಯಾಕ್, ರ‍್ಯಾಕಿನ ತುಂಬ ಪ್ಲಾಸ್ಟಿಕ್ ಕುರ್ಚಿ, ಫೋಮ್ ಹಾಸಿಗೆ, ಡೈಪರ್, ಥರ್ಮೋಕೋಲಿನಲ್ಲಿ ಕೂರಿಸಿದ ಟಿವಿ, ಡಿಯೊಡರೆಂಟ್ ಡಬ್ಬಿ, ಬ್ಯಾಟರಿ ಸ್ಕೂಟರ್.

ಮರ, ಕಾಗದದಂಥವು ಉರಿದರೆ ಒಂದು ಕಿಲೋಗೆ ಸುಮಾರು 16ರಿಂದ 19 ಮೆಗಾಜೂಲ್ ಶಾಖ ಬಿಡುತ್ತವೆ. ಪಾಲಿಥಿನ್, ಪಾಲಿಪ್ರೊಪಿಲೀನ್ ಬಿಡುವುದು 43ಕ್ಕಿಂತ ಹೆಚ್ಚು. ಅಂದರೆ ತೂಕಕ್ಕೆ ತೂಕ ಎರಡೂವರೆ ಪಟ್ಟು. ಸಾಲದ್ದಕ್ಕೆ ಪ್ಲಾಸ್ಟಿಕ್ ಕರಗಿ ಹರಿಯುತ್ತದೆ, ಹರಿದಲ್ಲೆಲ್ಲ ಉರಿಯುತ್ತದೆ. ಅಮೆರಿಕದ ಎನ್‌ಎಫ್‌ಪಿಎ 13 ಎಂಬ ಸ್ಪ್ರಿಂಕ್ಲರ್ ಮಾನದಂಡ ಮಾಮೂಲಿ ಸರಕನ್ನು ಒಂದರಿಂದ ನಾಲ್ಕನೇ ವರ್ಗದವರೆಗೆ ವಿಂಗಡಿಸಿ, ಪ್ಲಾಸ್ಟಿಕ್ಕಿಗೆಂದೇ ಎ, ಬಿ, ಸಿ ಗುಂಪುಗಳನ್ನು ಬೇರೆ ಮಾಡಿರುವುದು ಈ ಕಾರಣಕ್ಕೆ. ನಮ್ಮ ಐಎಸ್ 15105 ಕೂಡ ಅಪಾಯವನ್ನು ಅಲ್ಪ, ಮಧ್ಯಮ, ಅಧಿಕ ಎಂದು ವಿಂಗಡಿಸಿಯೇ ನೀರಿನ ಲೆಕ್ಕಕ್ಕೆ ಕೈಹಾಕುತ್ತದೆ.

ಆ ಲೆಕ್ಕವನ್ನು ಒಮ್ಮೆ ನಾವೇ ಮಾಡೋಣ, ಕಷ್ಟವೇನಿಲ್ಲ. ನಿಮ್ಮ ಶೆಡ್ಡಿಗೆ ಅಂದು ಮಧ್ಯಮ ಅಪಾಯದ ಲೆಕ್ಕ ಹಿಡಿದಿದ್ದರು ಎಂದುಕೊಳ್ಳಿ: ಪ್ರತಿ ಚದರ ಮೀಟರಿಗೆ ನಿಮಿಷಕ್ಕೆ 5 ಲೀಟರ್ ನೀರು, ಒಂದೊಂದು ಸ್ಪ್ರಿಂಕ್ಲರ್ ಪಾಲಿಗೆ 12 ಚದರ ಮೀಟರ್ ಜಾಗ. ಒಂದು ಸ್ಪ್ರಿಂಕ್ಲರ್ ನಿಮಿಷಕ್ಕೆ 60 ಲೀಟರ್ ಕೊಟ್ಟರೆ ಸಾಕು. ಹಳೆಯ ಶೆಡ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಕೆ80 ಅಳತೆಯ ಸ್ಪ್ರಿಂಕ್ಲರ್. 1 ಬಾರ್ ಒತ್ತಡಕ್ಕೆ ಅದು ನಿಮಿಷಕ್ಕೆ 80 ಲೀಟರ್ ಬಿಡುತ್ತದೆ. ಹಾಗಾಗಿ 60 ಲೀಟರಿಗೆ 0.56 ಬಾರ್ ಒತ್ತಡ ಸಾಕಾಗುತ್ತದೆ. ಈಗ ರ‍್ಯಾಕಿನಲ್ಲಿ ಪ್ಲಾಸ್ಟಿಕ್ ಬಂತು, ಬೇಕಾದ ನೀರು ಚದರ ಮೀಟರಿಗೆ 20 ಲೀಟರ್ ಆಯಿತು ಎನ್ನೋಣ. ಅದೇ ಸ್ಪ್ರಿಂಕ್ಲರ್ 240 ಲೀಟರ್ ಕೊಡಬೇಕು. ನೀರು ನಾಲ್ಕು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾದರೆ ಸಾಲದು, ಹದಿನಾರು ಪಟ್ಟಾಗಬೇಕು: 9 ಬಾರ್. ಇದು ಸ್ಪ್ರಿಂಕ್ಲರ್ ಬಾಯಲ್ಲಿ ಬೇಕಾದ ಒತ್ತಡ. ಪಂಪಿನಿಂದ ಅಲ್ಲಿಯವರೆಗೆ ಪೈಪಿನಲ್ಲಿ ಘರ್ಷಣೆಗೆ ಕಳೆದುಹೋಗುವ ಒತ್ತಡವೂ ನಾಲ್ಕು ಪಟ್ಟು ಹರಿವಿಗೆ ಸುಮಾರು 13 ಪಟ್ಟಾಗುತ್ತದೆ. ಒಳಗೆ ತುಕ್ಕು ಕಟ್ಟಿದ ಹಳೆ ಪೈಪಾದರೆ ಇನ್ನೂ ಹೆಚ್ಚು. ನಿಮ್ಮ ಪಂಪಿಗೆ ಇದು ಸಾಧ್ಯವಿಲ್ಲದ ಮಾತು.

ಟ್ಯಾಂಕಿನ ಕಥೆಯೂ ಇದೇ. 5 ಲೀಟರಿನಂತೆ 360 ಚದರ ಮೀಟರಿಗೆ ಒಂದು ಗಂಟೆ ನೀರು ಬಿಡಲು 1,08,000 ಲೀಟರ್ ಸಾಕು. 20 ಲೀಟರಿನಂತೆ 300 ಚದರ ಮೀಟರಿಗೆ ಒಂದೂವರೆ ಗಂಟೆ ಬಿಡಬೇಕಾದರೆ 5,40,000 ಲೀಟರ್ ಬೇಕು. ನೆಲದಡಿಯ ಟ್ಯಾಂಕ್ ತಾನಾಗಿ ಐದು ಪಟ್ಟು ಬೆಳೆಯುವುದಿಲ್ಲ.

ನೀರು ಸ್ವಲ್ಪ ಕಡಿಮೆಯಾದರೆ ಬೆಂಕಿ ಸ್ವಲ್ಪ ನಿಧಾನಕ್ಕೆ ಆರುತ್ತದೆ, ಅಷ್ಟೇ ತಾನೆ ಎಂದು ಕೆಲವರು ಕೇಳುತ್ತಾರೆ. ಹಾಗಾಗುವುದಿಲ್ಲ. ಸಿನಿಮಾದಲ್ಲಿ ತೋರಿಸುವಂತೆ ಎಲ್ಲ ಸ್ಪ್ರಿಂಕ್ಲರ್‌ಗಳೂ ಒಟ್ಟಿಗೆ ಸುರಿಯುವುದಿಲ್ಲ. ಪ್ರತಿಯೊಂದರ ಬಾಯಿಗೂ ದ್ರವ ತುಂಬಿದ ಪುಟ್ಟ ಗಾಜಿನ ಕೊಳವೆ ಅಡ್ಡ ಇರುತ್ತದೆ. ಕೆಂಪು ದ್ರವದ್ದಾದರೆ 68 ಡಿಗ್ರಿ ಸೆಲ್ಸಿಯಸ್‌ಗೆ ಒಡೆಯುತ್ತದೆ. ಯಾವುದಕ್ಕೆ ಬಿಸಿ ತಟ್ಟಿತೋ ಅದು ಮಾತ್ರ ತೆರೆಯುತ್ತದೆ. ಮೊದಲು ತೆರೆದ ನಾಲ್ಕಾರು ಸ್ಪ್ರಿಂಕ್ಲರ್‌ಗಳು ಬೆಂಕಿಯನ್ನು ಅಲ್ಲೇ ಅದುಮಿದರೆ ಗೆದ್ದಂತೆ. ಅದುಮದಿದ್ದರೆ ಬಿಸಿ ಹೊಗೆ ಸೂರಿನಡಿ ಹರಡಿ, ಬೆಂಕಿಯೇ ಇಲ್ಲದ ಕಡೆಯ ಸ್ಪ್ರಿಂಕ್ಲರ್‌ಗಳನ್ನೂ ತೆರೆಸುತ್ತದೆ. ನಿಮ್ಮಲ್ಲಿ ಜಮೀನಿನಿಂದ ಗೋದಾಮಿಗೆ ಬಂದವರು ಬಹಳ ಮಂದಿ. ಕಡಲೆಕಾಯಿ ಹೊಲಕ್ಕೆ ಜೆಟ್ ಹಾಕಿದವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ಅದೇ ಮೋಟರಿಗೆ ಇನ್ನೆರಡು ಜೆಟ್ ಸೇರಿಸಿದರೆ ಎಲ್ಲ ಜೆಟ್‌ಗಳೂ ಸೊರಗುತ್ತವೆ. ಇಲ್ಲೂ ಹಾಗೆಯೇ. ತೆರೆದ ಸ್ಪ್ರಿಂಕ್ಲರ್ ಹೆಚ್ಚಾದಂತೆ ಪ್ರತಿಯೊಂದರ ನೀರು ಇಳಿಯುತ್ತದೆ, ನೀರು ಇಳಿದಂತೆ ಬೆಂಕಿ ಏರುತ್ತದೆ, ಬೆಂಕಿ ಏರಿದಂತೆ ಮತ್ತಷ್ಟು ತೆರೆಯುತ್ತವೆ. ಜೊತೆಗೆ ಎತ್ತರದ ರ‍್ಯಾಕಿನ ಜ್ವಾಲೆ ಮೇಲಕ್ಕೆ ನುಗ್ಗುವ ರಭಸಕ್ಕೆ ಸಣ್ಣ ಹನಿಗಳು ಕೆಳಗಿಳಿಯದೆ ಆವಿಯಾಗುತ್ತವೆ, ಇಲ್ಲವೇ ಹಾರಿ ಹೋಗುತ್ತವೆ. ಪಂಪು ಮಾತ್ರ ದೊಡ್ಡದು ಹಾಕಿ ಹಳೆಯ ಚಿಕ್ಕ ಬಾಯಿಯ ಸ್ಪ್ರಿಂಕ್ಲರನ್ನೇ ಉಳಿಸಿಕೊಂಡರೆ ಪ್ರಯೋಜನ ಕಡಿಮೆ ಎನ್ನುವುದು ಇದಕ್ಕೇ: ಒತ್ತಡ ಏರಿದಷ್ಟೂ ಹನಿ ಇನ್ನೂ ಸಣ್ಣದಾಗುತ್ತದೆ.

ಇದು ಹೆದರಿಸಲು ಕಟ್ಟಿದ ಮಾತಲ್ಲ, ಆಗಿಹೋಗಿರುವುದು. ಅಮೆರಿಕದ ಪೆನ್ಸಿಲ್ವೇನಿಯಾದ ಫಾಲ್ಸ್ ಟೌನ್‌ಶಿಪ್ಪಿನಲ್ಲಿ ಕೆಮಾರ್ಟ್ ಕಂಪನಿಯ ವಿತರಣಾ ಗೋದಾಮು ಇತ್ತು. 12 ಲಕ್ಷ ಚದರಡಿ, ಅಂದರೆ 27 ಎಕರೆಗೂ ಮಿಕ್ಕಿದ ಒಂದೇ ಸೂರು. ಬೆಂಕಿ ತಡೆಗೋಡೆಗಳಿಂದ ನಾಲ್ಕು ಭಾಗ ಮಾಡಿದ್ದರು, ಎಲ್ಲ ಕಡೆ ಸ್ಪ್ರಿಂಕ್ಲರ್ ಇತ್ತು. 1982ರ ಜೂನ್ 21ರಂದು ಕಾರ್ಬ್ಯುರೇಟರ್ ತೊಳೆಯುವ ಸ್ಪ್ರೇ ಡಬ್ಬಿಗಳ ಒಂದು ಪೆಟ್ಟಿಗೆ ಪ್ಯಾಲೆಟ್ಟಿನಿಂದ ಜಾರಿ ಬಿತ್ತು. ಒಡೆದ ಡಬ್ಬಿಯಿಂದ ಹೊರಬಂದ ಆವಿಗೆ ಫೋರ್ಕ್‌ಲಿಫ್ಟಿನ ಕಿಡಿ ತಗುಲಿತು. ಸ್ಪ್ರಿಂಕ್ಲರ್‌ಗಳು ತೆರೆದವು, ನೀರು ಬಂತು, ಆದರೆ ಒಂದರ ಹಿಂದೊಂದು ಸಿಡಿಯುತ್ತಿದ್ದ ಏರೋಸಾಲ್ ಡಬ್ಬಿಗಳ ಮುಂದೆ ಆ ನೀರು ಎಲ್ಲಿಗೂ ಸಾಲಲಿಲ್ಲ. ಉರಿಯುವ ಡಬ್ಬಿಗಳು ರಾಕೆಟ್ಟಿನಂತೆ ಹಾರಿ ತಡೆಗೋಡೆಯ ಬಾಗಿಲುಗಳನ್ನು ದಾಟಿ ಪಕ್ಕದ ಭಾಗಗಳಿಗೂ ಬೆಂಕಿ ಹಚ್ಚಿದವು. ಜನ ಬದುಕಿಕೊಂಡರು, ಕಟ್ಟಡ ಪೂರ್ತಿ ಹೋಯಿತು, ನಷ್ಟ 10 ಕೋಟಿ ಡಾಲರ್ ದಾಟಿತು. ಮಾಮೂಲಿ ಸರಕಿಗೆ ಸಾಕಾಗುವ ಸ್ಪ್ರಿಂಕ್ಲರ್ ಏರೋಸಾಲಿಗೆ ಸಾಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಲಿಲ್ಲ. 1990ರಲ್ಲಿ ಎನ್‌ಎಫ್‌ಪಿಎ 30ಬಿ ಎಂದು ಏರೋಸಾಲಿಗೆಂದೇ ಪ್ರತ್ಯೇಕ ಮಾನದಂಡ ಬಂತು. ನಮ್ಮ ಗೋದಾಮುಗಳಲ್ಲಿ ಡಿಯೊಡರೆಂಟ್, ಸೊಳ್ಳೆ ಸ್ಪ್ರೇ, ಪೇಂಟ್ ಸ್ಪ್ರೇ ಡಬ್ಬಿಗಳು ಇಂದಿಗೂ ಶಾಂಪೂ ಪಕ್ಕದ ರ‍್ಯಾಕಿನಲ್ಲೇ ಕೂತಿರುತ್ತವೆ. ಅವುಗಳಲ್ಲಿ ಬಹುಪಾಲಿನಲ್ಲಿ ಒಳಗಿನ ದ್ರವವನ್ನು ಹೊರದೂಡುವುದು ಅಡುಗೆ ಗ್ಯಾಸಿನಂಥದೇ ಅನಿಲ.

ಐದು ವರ್ಷಗಳ ನಂತರ, 1987ರ ಮೇ 27ರಂದು, ಒಹಾಯೊದ ಡೇಟನ್ನಿನಲ್ಲಿ ಶೆರ್ವಿನ್ ವಿಲಿಯಮ್ಸ್ ಬಣ್ಣದ ಗೋದಾಮು ಉರಿಯಿತು. ಒಳಗೆ 15 ಲಕ್ಷ ಗ್ಯಾಲನ್ ಬಣ್ಣ ಮತ್ತಿತರ ದ್ರವ. ಸ್ಪ್ರಿಂಕ್ಲರ್ ಕೈಚೆಲ್ಲಿದ ಮೇಲೆ ಅಗ್ನಿಶಾಮಕರು ನೀರು ಸುರಿಯುವುದನ್ನೇ ನಿಲ್ಲಿಸಿ ಉರಿದು ಹೋಗಲು ಬಿಟ್ಟರು. ಆ ನೆಲದಡಿ ಊರಿಗೆ ಕುಡಿಯುವ ನೀರು ಕೊಡುವ ಅಂತರ್ಜಲವಿತ್ತು. ಹರಿದ ನೀರಿನ ಜೊತೆ ಬಣ್ಣದ ರಾಸಾಯನಿಕ ಅದಕ್ಕೆ ಇಳಿಯುವ ಭಯ. ಕೆರೆ, ಕೊಳವೆಬಾವಿಗಳ ನಡುವೆ ಗೋದಾಮು ಕಟ್ಟಿಕೊಂಡಿರುವ ನಮಗೂ ಇದು ದೂರದ ಮಾತಲ್ಲ.

‘ನಾವು ಏರೋಸಾಲ್ ಇಡುವುದಿಲ್ಲ, ಬಣ್ಣ ಇಡುವುದಿಲ್ಲ’ ಎನ್ನುವವರಿಗೆ ಒಂದು ಮಾತು. ಸರಕಿನ ಹೆಸರು ಬದಲಾಗದೆಯೇ ಅಪಾಯ ಬದಲಾಗುತ್ತದೆ. ಮರದ ಪ್ಯಾಲೆಟ್ ತೆಗೆದು ಪ್ಲಾಸ್ಟಿಕ್ ಪ್ಯಾಲೆಟ್ ತಂದಿರಿ ಎನ್ನಿ. ಮೇಲಿನ ಸರಕು ಅದೇ ಇದ್ದರೂ ಎನ್‌ಎಫ್‌ಪಿಎ ಲೆಕ್ಕದಲ್ಲಿ ಅದರ ವರ್ಗ ಒಂದು ಮೆಟ್ಟಿಲು ಮೇಲಕ್ಕೇರುತ್ತದೆ. ಬಲವರ್ಧಿತ ಪ್ಲಾಸ್ಟಿಕ್ ಪ್ಯಾಲೆಟ್ಟಾದರೆ ಎರಡು ಮೆಟ್ಟಿಲು. ಧೂಳು ಕೂರಬಾರದೆಂದು ಪ್ಯಾಲೆಟ್ಟಿನ ನೆತ್ತಿಯನ್ನೂ ಸೇರಿಸಿ ಪ್ಲಾಸ್ಟಿಕ್ ಹೊದಿಸಿದಿರಿ. ಮೇಲಿಂದ ಬಿದ್ದ ನೀರು ರಟ್ಟನ್ನು ತೋಯಿಸದೆ ಜಾರಿ ಹೋಗುತ್ತದೆ. ಸುತ್ತ ಮಾತ್ರ ಸುತ್ತಿದ ಸ್ಟ್ರೆಚ್ ರ‍್ಯಾಪಿಗೆ ಈ ದೋಷವಿಲ್ಲ, ನೆತ್ತಿ ಮುಚ್ಚಿದರೆ ಉಂಟು. ಚಿಕ್ಕ ಪೆಟ್ಟಿಗೆ ಬೀಳಬಾರದೆಂದು ರ‍್ಯಾಕಿನ ಜಾಲರಿಯ ಮೇಲೆ ಪ್ಲೈವುಡ್ ಹಾಸಿದಿರಿ. ಸೂರಿನ ನೀರು ಕೆಳಗಿನ ಹಂತಕ್ಕೆ ಇಳಿಯುವ ದಾರಿ ಅಲ್ಲಿಗೆ ಮುಚ್ಚಿತು. ಒಂದೊಂದು ಹಾಸಿನ ವಿಸ್ತಾರ 1.9 ಚದರ ಮೀಟರ್ ದಾಟಿದರೆ ಅದನ್ನು ಮುಚ್ಚಿದ ಶೆಲ್ಫ್ ಎಂದೇ ಎಣಿಸಿ, ರ‍್ಯಾಕಿನೊಳಗೇ ಸ್ಪ್ರಿಂಕ್ಲರ್ ಕೇಳುತ್ತದೆ ಎನ್‌ಎಫ್‌ಪಿಎ 13. ಬೆನ್ನಿಗೆ ಬೆನ್ನು ನಿಂತ ಎರಡು ರ‍್ಯಾಕುಗಳ ನಡುವೆ 150 ಮಿಲಿಮೀಟರ್ ಸಂದಿ ಬಿಟ್ಟಿರುವುದು ಜಾಗ ದಂಡ ಮಾಡಲು ಅಲ್ಲ. ಬಿಸಿ ಮೇಲೇರಿ ಸ್ಪ್ರಿಂಕ್ಲರನ್ನು ಬೇಗ ತೆರೆಸುವುದೂ, ನೀರು ಕೆಳಗಿಳಿದು ಬೆಂಕಿಯನ್ನು ಮುಟ್ಟುವುದೂ ಅದರ ಮೂಲಕವೇ. ದಸರಾ–ದೀಪಾವಳಿ ಸೇಲಿನ ಹೊತ್ತಿಗೆ ಆ ಸಂದಿಗೆ ಪೆಟ್ಟಿಗೆ ತುರುಕುತ್ತಾರೆ, ಓಡಾಡುವ ದಾರಿಯಲ್ಲೂ ಪೇರಿಸುತ್ತಾರೆ, ಸ್ಪ್ರಿಂಕ್ಲರಿಗೆ ತಾಗುವಷ್ಟು ಎತ್ತರಿಸುತ್ತಾರೆ. ಮಾಮೂಲಿ ಸ್ಪ್ರಿಂಕ್ಲರಿನ ಕೆಳಗೆ ಕನಿಷ್ಠ 450 ಮಿಲಿಮೀಟರ್, ಇಎಸ್‌ಎಫ್‌ಆರ್ ಎನ್ನುವ ದೊಡ್ಡ ಹರಿವಿನ ಸ್ಪ್ರಿಂಕ್ಲರ್ ಕೆಳಗೆ 900 ಮಿಲಿಮೀಟರ್ ಖಾಲಿ ಬಿಡಲೇಬೇಕು.

ಇನ್ನು ಮೆಜನೈನ್. ಬಿಡಿ ಸರಕು ಆಯಲೆಂದು ಶೆಡ್ಡಿನೊಳಗೆ ಎರಡು ಮೂರು ಅಂತಸ್ತಿನ ಕಬ್ಬಿಣದ ಅಟ್ಟ ಕಟ್ಟಿದಾಗ ಪ್ರತಿ ಅಂತಸ್ತಿನಡಿಯೂ ಸ್ಪ್ರಿಂಕ್ಲರ್ ಬೇಕು. ಸೂರಿನ ನೀರು ಅಟ್ಟ ದಾಟಿ ಕೆಳಗೆ ಬರುವುದಿಲ್ಲ. ಸೆಕೆಗೆಂದು ತೂಗುಹಾಕುವ ದೊಡ್ಡ ರೆಕ್ಕೆಯ ಫ್ಯಾನುಗಳೂ ಅಷ್ಟೆ. ಅವು ನಾಲ್ಕು ಸ್ಪ್ರಿಂಕ್ಲರ್‌ಗಳ ನಟ್ಟನಡುವೆ ಇರಬೇಕು, ನೀರಿನ ಅಲಾರಂ ಬಡಿದ ಕೂಡಲೇ ತಾವಾಗಿ ನಿಲ್ಲಬೇಕು. ಇಲ್ಲವಾದರೆ ಬಿಸಿಯನ್ನೂ ಹನಿಯನ್ನೂ ಬೇರೆಡೆಗೆ ತಳ್ಳುತ್ತವೆ. ಮೂಲೆಯಲ್ಲಿ ಆಳೆತ್ತರಕ್ಕೆ ಪೇರಿಸಿಟ್ಟ ಖಾಲಿ ಪ್ಯಾಲೆಟ್ಟಿನ ರಾಶಿಯನ್ನು ಯಾರೂ ಸರಕೆಂದು ಎಣಿಸುವುದಿಲ್ಲ. ಗಾಳಿಯಾಡುವ ಒಣಮರದ ಆ ಒಟ್ಟಲು ಗೋದಾಮಿನಲ್ಲಿ ಅತ್ಯಂತ ಜೋರಾಗಿ ಉರಿಯುವ ವಸ್ತುಗಳಲ್ಲೊಂದು. ಅದರ ಜಾಗ ಹೊರಗೆ.

ತುಮಕೂರು ರಸ್ತೆಯ ಬದಿಯ ಒಂದು ಗೋದಾಮಿನಲ್ಲಿ ಕಂಡದ್ದನ್ನು ಹೇಳುತ್ತೇನೆ. ಪಂಪ್‌ರೂಮಿನಿಂದ ಬರುವ ದಪ್ಪ ಪೈಪು ನೆಲದಿಂದ ಮೇಲೇರುವ ಜಾಗದಲ್ಲಿ, ಅಲಾರಂ ವಾಲ್ವಿನ ಪಕ್ಕ, ಅಂಗೈಯಗಲದ ಒಂದು ತಗಡಿನ ಫಲಕ ಸರಪಳಿಯಿಂದ ನೇತಾಡುತ್ತಿತ್ತು. ಪೈಪಿಗೆ ಬಣ್ಣ ಹೊಡೆದವರು ಫಲಕಕ್ಕೂ ಹೊಡೆದಿದ್ದರು. ನಾಣ್ಯದ ಅಂಚಿನಿಂದ ಕೆರೆದಾಗ ಕೆತ್ತಿದ ಅಕ್ಷರ ಒಂದೊಂದೇ ಎದ್ದವು: ನಿಮಿಷಕ್ಕೆ 5 ಮಿಲಿಮೀಟರ್, 360 ಚದರ ಮೀಟರ್, ಸೆರಾಮಿಕ್ ಟೈಲ್ಸ್. ಹಿಂತಿರುಗಿ ನೋಡಿದರೆ ಎದುರಿನ ರ‍್ಯಾಕಿನಲ್ಲಿ ನೆಲದಿಂದ ಸೂರಿನವರೆಗೆ ಸುರುಳಿ ಸುತ್ತಿದ ಫೋಮ್ ಹಾಸಿಗೆಗಳು. ಮೇಲೆ ಕತ್ತೆತ್ತಿದರೆ ಕೆಲವು ಸ್ಪ್ರಿಂಕ್ಲರ್‌ಗಳ ಗಾಜಿನ ಮೇಲೂ ಅದೇ ಕೆಂಪು ಬಣ್ಣ. ಬಣ್ಣ ಬಿದ್ದ ಸ್ಪ್ರಿಂಕ್ಲರನ್ನು ಒರೆಸಿ ಉಳಿಸಿಕೊಳ್ಳುವಂತಿಲ್ಲ, ಬದಲಿಸಲೇಬೇಕು. ಮೇಲ್ವಿಚಾರಕರು ಒಳ್ಳೆಯ ಮನುಷ್ಯ. ‘ಸಾರ್, ಮೊನ್ನೆ ತಾನೇ ಟೆಸ್ಟ್ ಮಾಡಿ ಹೋಗಿದಾರೆ. ನೀರು ಜೋರಾಗೇ ಬರುತ್ತೆ’ ಅಂದರು. ಅವರು ಹೇಳಿದ್ದು ನಿಜವೇ. ಫಲಕದಲ್ಲಿದ್ದ 5 ಮಿಲಿಮೀಟರ್, ಅಂದರೆ ಚದರ ಮೀಟರಿಗೆ 5 ಲೀಟರ್ ನೀರು ಖಂಡಿತ ಬರುತ್ತಿತ್ತು. ಹಾಸಿಗೆಗೆ ಅದು ಎಲ್ಲಿ ಸಾಕು?

ತೊಡಕು ಇರುವುದು ಇಲ್ಲೇ. ಎಎಂಸಿಯ ಪರೀಕ್ಷೆ ಹೇಳುವುದು ಅಂದು ಹಾಕಿದ ವ್ಯವಸ್ಥೆ ಅಂದಿನಂತೆ ಕೆಲಸ ಮಾಡುತ್ತಿದೆಯೇ ಎಂಬುದನ್ನು ಮಾತ್ರ. ಇಂದಿನ ಸರಕಿಗೆ ಅದು ಸಾಕೇ ಎಂದು ತೂಗಿ ನೋಡುವುದು ಆ ಪರೀಕ್ಷೆಯ ಕೆಲಸವಲ್ಲ. ಪರೀಕ್ಷೆ–ನಿರ್ವಹಣೆಗೆಂದೇ ಇರುವ ಎನ್‌ಎಫ್‌ಪಿಎ 25 ಇದನ್ನು ಬಿಡಿಸಿಯೇ ಹೇಳಿದೆ: ಬಳಕೆ, ಸರಕು, ಜೋಡಣೆ ಬದಲಿಸುವ ಮುನ್ನ ವ್ಯವಸ್ಥೆಯ ಸಾಮರ್ಥ್ಯವನ್ನು ಪರಿಶೀಲಿಸುವ ಹೊಣೆ ಮಾಲೀಕರದು ಅಥವಾ ಅವರು ಲಿಖಿತವಾಗಿ ವಹಿಸಿದವರದು. ನಮ್ಮಲ್ಲಿ ಆ ಹೊಣೆಯನ್ನು ಯಾರೂ ಹೊತ್ತುಕೊಳ್ಳುವುದಿಲ್ಲ. ಶೆಡ್ ಕಟ್ಟಿ ಕೊಟ್ಟೆ, ಒಳಗೆ ಏನಿಡುತ್ತಾರೋ ಬಾಡಿಗೆದಾರರಿಗೆ ಬಿಟ್ಟದ್ದು ಎನ್ನುತ್ತಾರೆ ಮಾಲೀಕರು. ಸ್ಪ್ರಿಂಕ್ಲರ್ ಇರುವ ಗೋದಾಮು ಎಂದೇ ಬಾಡಿಗೆ ಕೊಡುತ್ತಿದ್ದೇವೆ ಎನ್ನುತ್ತಾರೆ ಬಾಡಿಗೆದಾರರು. ರ‍್ಯಾಕ್ ಕೂರಿಸುವವರಿಗೆ ರ‍್ಯಾಕಿನ ಭಾರದ ಚಿಂತೆ, ಎಎಂಸಿಯವರಿಗೆ ವಾಲ್ವಿನ ಚಿಂತೆ.

ಹಾಗಾದರೆ ಪರಿಶೀಲನೆ ಎಂದರೇನು? ಮೊದಲು ಗೋದಾಮನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ನೋಡುವುದು. ಯಾವ ಸಾಲಿನಲ್ಲಿ ಏನಿದೆ, ಒಳಗಿನ ವಸ್ತು ಏನು, ಪೆಟ್ಟಿಗೆಯೊಳಗೆ ಥರ್ಮೋಕೋಲ್ ಎಷ್ಟು, ಪ್ಯಾಲೆಟ್ ಯಾವುದು, ಇವನ್ನು ಬರೆದುಕೊಳ್ಳಬೇಕು. ನೂರು ಬಗೆಯ ಸರಕಿದ್ದರೆ ಸರಾಸರಿ ತೆಗೆಯುವಂತಿಲ್ಲ. ಎಲ್ಲಕ್ಕಿಂತ ಕೆಟ್ಟದಾಗಿ ಉರಿಯುವುದು ಯಾವುದೋ ಲೆಕ್ಕ ಅದಕ್ಕೇ. ಇಂದಿನದಷ್ಟೇ ಅಲ್ಲ, ಸೀಸನ್ನಿನಲ್ಲಿ ಬರುವುದನ್ನೂ ಸೇರಿಸಿಕೊಳ್ಳಬೇಕು. ಆಮೇಲೆ ಅಳತೆ: ಸರಕಿನ ಎತ್ತರ, ಸೂರಿನ ಎತ್ತರ, ಎರಡರ ನಡುವಿನ ಅಂತರ, ದಾರಿಯ ಅಗಲ, ರ‍್ಯಾಕಿನ ಸಂದಿ, ಸೂರಿನ ಇಳಿಜಾರು.

ನಂತರ ಹಳೆಯ ವ್ಯವಸ್ಥೆಯ ಜಾತಕ. ನಕ್ಷೆ, ಲೆಕ್ಕದ ಪುಸ್ತಕ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಸಿಗದಿದ್ದರೆ ಫಲಕ ನೋಡಬೇಕು. ಅದೂ ಇಲ್ಲವಾದರೆ ಲ್ಯಾಡರ್ ಹತ್ತಿ ಸ್ಪ್ರಿಂಕ್ಲರಿನ ಮೇಲೆ ಒತ್ತಿರುವ ಗುರುತು ಓದಿ, ಗಾಜಿನ ಬಣ್ಣ ನೋಡಿ, ಪೈಪಿನ ವ್ಯಾಸ, ಸ್ಪ್ರಿಂಕ್ಲರ್‌ಗಳ ನಡುವಿನ ಅಂತರ ಅಳೆದು ಹೊಸದಾಗಿ ಲೆಕ್ಕ ಕಟ್ಟಬೇಕು. ತೀರಾ ಹಳೆಯ ವ್ಯವಸ್ಥೆಗಳಲ್ಲಿ ನೀರಿನ ಲೆಕ್ಕವನ್ನೇ ಹಾಕಿರುವುದಿಲ್ಲ. ಇಂತಿಷ್ಟು ಸ್ಪ್ರಿಂಕ್ಲರಿಗೆ ಇಂತಿಷ್ಟು ವ್ಯಾಸದ ಪೈಪು ಎಂಬ ಕೋಷ್ಟಕ ನೋಡಿ ಪೈಪು ಎಳೆದಿರುತ್ತಾರೆ. ಅಂಥದರಿಂದ ಎತ್ತರದ ರ‍್ಯಾಕಿಗೆ ರಕ್ಷಣೆ ನಿರೀಕ್ಷಿಸುವುದೇ ತಪ್ಪು. ಒಂದೆರಡು ಕಡೆ ಪೈಪು ಬಿಚ್ಚಿ ಒಳಗಿನ ತುಕ್ಕು, ಕೆಸರು ನೋಡುವುದೂ ಇದೇ ಹಂತದಲ್ಲಿ.

ಮೂರನೆಯದು ನೀರು. ಪಂಪನ್ನು ಬರಿದೆ ಓಡಿಸಿ ಸದ್ದು ಕೇಳಿದರೆ ಆಗಲಿಲ್ಲ. ಹರಿವಿಲ್ಲದಾಗ, ನಿಗದಿತ ಹರಿವಿನಲ್ಲಿ, ಅದರ ಒಂದೂವರೆ ಪಟ್ಟು ಹರಿವಿನಲ್ಲಿ ಒತ್ತಡ ಎಷ್ಟೆಂದು ಅಳೆಯಬೇಕು. ಒಂದೂವರೆ ಪಟ್ಟು ಹರಿವಿನಲ್ಲೂ ನಿಗದಿತ ಒತ್ತಡದ ಶೇಕಡಾ 65ರಷ್ಟು ಉಳಿಯುವುದು ಒಳ್ಳೆಯ ಫೈರ್ ಪಂಪಿನ ಲಕ್ಷಣ. ಟ್ಯಾಂಕಿನಲ್ಲಿ ನಿಜವಾಗಿ ಎಳೆದುಕೊಳ್ಳಬಹುದಾದ ನೀರೆಷ್ಟು, ಅದರಲ್ಲಿ ಹೈಡ್ರಂಟಿನ ಪಾಲೆಷ್ಟು ಎಂಬುದೂ ಬೇಕು. ಕೊನೆಗೆ ಒಂದೇ ಹಾಳೆಯ ಮೇಲೆ ಎರಡು ಅಂಕಿ: ಇಂದಿನ ಸರಕು ಕೇಳುವ ನೀರು, ಇರುವ ವ್ಯವಸ್ಥೆ ಕೊಡಬಲ್ಲ ನೀರು.

ಕೊರತೆ ಕಂಡರೆ ಎಲ್ಲವನ್ನೂ ಕಿತ್ತು ಹೊಸದು ಹಾಕಬೇಕೆಂದೇನಿಲ್ಲ. ಎಷ್ಟೋ ಸಲ ಸರಕಿನ ಎತ್ತರ ಒಂದು ಹಂತ ಇಳಿಸಿದರೆ ಹಳೆಯ ವ್ಯವಸ್ಥೆಯೇ ಸಾಕಾಗುತ್ತದೆ. ಪ್ಲಾಸ್ಟಿಕ್ ಸರಕನ್ನು ಒಂದೇ ಭಾಗಕ್ಕೆ ಸರಿಸಿ ಆ ಭಾಗವನ್ನಷ್ಟೇ ಬಲಪಡಿಸಬಹುದು. ಏರೋಸಾಲನ್ನು ಬಲವಾದ ಜಾಲರಿಯ ಪಂಜರದೊಳಗಿಟ್ಟು, ಆ ಜಾಗಕ್ಕೆ ತಕ್ಕ ಸ್ಪ್ರಿಂಕ್ಲರ್ ಹಾಕಬಹುದು. ರ‍್ಯಾಕಿನೊಳಗೆ ಸ್ಪ್ರಿಂಕ್ಲರ್ ಹಾಕಿದರೆ ಬೆಂಕಿಯ ಬುಡಕ್ಕೇ ನೀರು ಬೀಳುವುದರಿಂದ ಸೂರಿನ ಮೇಲಿನ ಹೊರೆ ತಗ್ಗುತ್ತದೆ. ಫೋರ್ಕ್‌ಲಿಫ್ಟ್ ಬಡಿಯುತ್ತದೆಂಬ ಭಯ ನಿಜ. ಸರಿಯಾದ ಜಾಗದಲ್ಲಿ ಕೂರಿಸಿ ಕಾವಲು ಪಟ್ಟಿ ಹಾಕಿದರೆ ಅದನ್ನು ನಿಭಾಯಿಸಬಹುದು.

‘ಇಎಸ್‌ಎಫ್‌ಆರ್ ಹಾಕಿಸಿಬಿಡಿ, ಎಲ್ಲ ಸರಿಹೋಗುತ್ತೆ’ ಎಂಬ ಸಲಹೆ ಈಗ ಎಲ್ಲೆಡೆ ಕೇಳುತ್ತದೆ. ಒಳ್ಳೆಯ ತಂತ್ರವೇ. ಹನ್ನೆರಡು ಸ್ಪ್ರಿಂಕ್ಲರ್‌ಗಳಲ್ಲೇ ಬೆಂಕಿಯನ್ನು ಮಲಗಿಸುವ ಲೆಕ್ಕ ಅದರದು. ಆದರೆ ಕೆ200 ಅಳತೆಯ ಒಂದು ಇಎಸ್‌ಎಫ್‌ಆರ್ 3.5 ಬಾರ್ ಒತ್ತಡದಲ್ಲಿ ನಿಮಿಷಕ್ಕೆ ಸುಮಾರು 374 ಲೀಟರ್ ಸುರಿಯುತ್ತದೆ. ಹನ್ನೆರಡಕ್ಕೆ 4,500 ಲೀಟರ್ ಹತ್ತಿರ. ಹಳೆಯ ಸಣ್ಣ ಪೈಪಿಗೆ ಬರಿಯ ಸ್ಪ್ರಿಂಕ್ಲರ್ ಬದಲಿಸಿದರೆ ಆ ನೀರು ಎಲ್ಲಿಂದ ಬರಬೇಕು? ಸೂರಿನ ಇಳಿಜಾರು ಆರಕ್ಕೆ ಒಂದಕ್ಕಿಂತ ಕಡಿದಾಗಿದ್ದರೆ ಇಎಸ್‌ಎಫ್‌ಆರ್ ಸಲ್ಲದು, ಹಾಗಾಗಿ ಹಳೆಯ ಟ್ರಸ್ ಶೆಡ್‌ಗಳಿಗೆ ಹೊಂದದಿರಬಹುದು. ಕೆಳಗೆ ಲೈಟು, ಡಕ್ಟು, ಕೇಬಲ್ ಟ್ರೇ ಅಡ್ಡ ಬಂದರೂ ಅದರ ಆಟ ಕೆಡುತ್ತದೆ. ಬಾಯಿ ತೆರೆದ ಪ್ಲಾಸ್ಟಿಕ್ ಬುಟ್ಟಿಗಳಲ್ಲಿ ಸರಕಿಡುವ ಕಡೆ, ಬುಟ್ಟಿಗಳೇ ನೀರು ಹಿಡಿದಿಟ್ಟುಕೊಂಡು ಬೆಂಕಿಗೆ ತಲುಪಗೊಡುವುದಿಲ್ಲ.

ಖರ್ಚಿನ ಮಾತು ಬಂದಾಗ ವಿಮೆಯ ಮಾತೂ ಬರಬೇಕು. ನಮ್ಮ ದೇಶದ ಸ್ಟ್ಯಾಂಡರ್ಡ್ ಫೈರ್ ಅಂಡ್ ಸ್ಪೆಷಲ್ ಪೆರಿಲ್ಸ್ ಪಾಲಿಸಿಯ ಸಾಮಾನ್ಯ ಷರತ್ತುಗಳನ್ನು ಒಮ್ಮೆ ತೆಗೆದು ಓದಿ. ಕಟ್ಟಡದ ಬಳಕೆಯೋ ಇತರ ಸಂದರ್ಭವೋ ನಷ್ಟದ ಅಪಾಯ ಹೆಚ್ಚುವಂತೆ ಬದಲಾದರೆ, ವಿಮಾ ಕಂಪನಿಯ ಒಪ್ಪಿಗೆಯನ್ನು ಮೊದಲೇ ಬರಹದಲ್ಲಿ ಪಡೆಯದ ಹೊರತು ವಿಮೆ ಅನ್ವಯವಾಗುವುದು ನಿಲ್ಲುತ್ತದೆ ಎಂಬ ಷರತ್ತು ಅದರಲ್ಲಿದೆ. ಟೈಲ್ಸ್ ಗೋದಾಮು ಹಾಸಿಗೆ ಗೋದಾಮಾದದ್ದನ್ನು ನೀವು ತಿಳಿಸಿದ್ದೀರಾ? ಕಂತು ತಪ್ಪದೆ ಕಟ್ಟುತ್ತಿರುವುದೊಂದೇ ಇದಕ್ಕೆ ಉತ್ತರವಾಗದು.

ಆದ್ದರಿಂದ ನನ್ನ ಕೋರಿಕೆಗಳು ಇವು.

ಮಾಲೀಕರೆ, ಈ ಸಲ ಕರಾರು ಬರೆಯುವಾಗ ನಿಮ್ಮ ಸ್ಪ್ರಿಂಕ್ಲರ್ ಯಾವ ಸರಕಿಗೆ, ಎಷ್ಟು ಎತ್ತರಕ್ಕೆ ಸಾಕೆಂದು ಕರಾರಿನಲ್ಲೇ ಬರೆಯಿರಿ. ಅದನ್ನು ಮೀರಿದ ಸರಕು ಒಳಗೆ ಬರುವ ಮುನ್ನ ಪರಿಶೀಲನೆ ಆಗಬೇಕು, ಖರ್ಚು ಯಾರದು ಎಂಬುದೂ ಅಲ್ಲೇ ಇರಲಿ. ನಕ್ಷೆ, ಲೆಕ್ಕ ಕಳೆದಿದ್ದರೆ ಈಗಲೇ ಮತ್ತೆ ಮಾಡಿಸಿ. ಗೋದಾಮು ಮಾರುವಾಗಲೂ ಅದಕ್ಕೆ ಬೆಲೆಯುಂಟು.

ವ್ಯವಸ್ಥಾಪಕರೆ, ಹೊಸ ಗ್ರಾಹಕರ ಸರಕು ಒಪ್ಪಿಕೊಳ್ಳುವ ಮೊದಲು, ರ‍್ಯಾಕಿಗೆ ಆರ್ಡರ್ ಕೊಡುವ ಮೊದಲು, ಪ್ಯಾಲೆಟ್ ಬದಲಿಸುವ ಮೊದಲು ಇದು ನಮ್ಮ ಸ್ಪ್ರಿಂಕ್ಲರಿನ ಮಿತಿಯೊಳಗಿದೆಯೇ ಎಂಬ ಪ್ರಶ್ನೆಗೆ ಒಬ್ಬರು ಹೆಸರು ಬರೆದು ಸಹಿ ಹಾಕುವ ಪದ್ಧತಿ ತನ್ನಿ. ಹಾಕುವವರು ಯಾರೆಂದು ಇವತ್ತೇ ಗೊತ್ತುಮಾಡಿ.

ಮೇಲ್ವಿಚಾರಕರೆ, ನಿಮ್ಮ ಕೈಯಲ್ಲಿ ಪಂಪು, ಟ್ಯಾಂಕು ಬದಲಿಸುವ ಅಧಿಕಾರವಿಲ್ಲ, ನಿಜ. ರ‍್ಯಾಕಿನ ಕಂಬಕ್ಕೆ ಸರಕಿನ ಗರಿಷ್ಠ ಎತ್ತರದ ಹಳದಿ ಗೆರೆ ಎಳೆಯುವುದು, ಬೆನ್ನಿನ ಸಂದಿ ಖಾಲಿ ಇಡುವುದು, ಖಾಲಿ ಪ್ಯಾಲೆಟ್ ಹೊರಗೆ ಹಾಕಿಸುವುದು, ಬಣ್ಣದವರು ಬಂದಾಗ ಸ್ಪ್ರಿಂಕ್ಲರಿಗೂ ಫಲಕಕ್ಕೂ ಕುಂಚ ಮುಟ್ಟದಂತೆ ನೋಡಿಕೊಳ್ಳುವುದು ನಿಮ್ಮಿಂದಲೇ ಆಗಬೇಕು. ರಾತ್ರಿ ಪಾಳಿಯಲ್ಲಿ ಆ ರ‍್ಯಾಕುಗಳ ನಡುವೆ ಇರುವವರು ನೀವು ಮತ್ತು ನಿಮ್ಮ ಹುಡುಗರು.

ಎಎಂಸಿ ನಡೆಸುವ ನನ್ನ ವೃತ್ತಿಯವರಿಗೂ ಒಂದು ಮಾತು. ವಿನ್ಯಾಸ ತೂಗುವುದು ನಿಮ್ಮ ಕರಾರಿನಲ್ಲಿ ಇಲ್ಲದಿರಬಹುದು. ಹೋದ ಸಲ ಟೈಲ್ಸ್ ಇದ್ದ ಕಡೆ ಈ ಸಲ ಹಾಸಿಗೆ ಕಂಡರೆ ವರದಿಯ ಕೊನೆಗೆ ಒಂದು ಸಾಲು ಬರೆಯಲು ಯಾವ ಕರಾರೂ ಅಡ್ಡ ಬರುವುದಿಲ್ಲ: ‘ಸರಕು ಬದಲಾಗಿದೆ, ಸಾಮರ್ಥ್ಯ ಪರಿಶೀಲಿಸಿ.’

ಸೀಸನ್ನಿನ ಸರಕು ಬರಲು ಶುರುವಾದ ಮೇಲೆ ಇದಕ್ಕೆ ಯಾರಿಗೂ ಪುರುಸೊತ್ತಿರುವುದಿಲ್ಲ. ಲಾರಿಗಳು ಸಾಲುಗಟ್ಟುವ ಮುಂಚೆ ಫಲಕ ಹುಡುಕಿ, ಅದರ ಮೇಲಿರುವುದನ್ನೂ ರ‍್ಯಾಕಿನಲ್ಲಿರುವುದನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ. ಎರಡೂ ಹೊಂದಿದರೆ ಸಂತೋಷ. ಹೊಂದದಿದ್ದರೆ ಆ ಹಾಳೆ ಹಿಡಿದು ಬಲ್ಲ ಎಂಜಿನಿಯರ್ ಒಬ್ಬರನ್ನು ಕರೆಸಿ. ಅಲ್ಲಿಯವರೆಗೆ ಮೇಲಿನ ಒಂದು ಹಂತ ಖಾಲಿ ಇಡಿ. ಒಂದು ಹಂತದ ಬಾಡಿಗೆ ನಷ್ಟವನ್ನು ಮುಂದಿನ ಸೀಸನ್ನಿನಲ್ಲಿ ತುಂಬಿಕೊಳ್ಳಬಹುದು.

ಇಂತಿ ನಿಮ್ಮ ವಿಶ್ವಾಸಿ,
ಗೋದಾಮುಗಳ ಅಗ್ನಿ ರಕ್ಷಣೆಯಲ್ಲಿ ದುಡಿಯುವ ಒಬ್ಬ ಎಂಜಿನಿಯರ್
ಬೆಂಗಳೂರು